ಕೊಸರಿಗೆ ಬಂದ ಮೀನು

ಕಾನ್ಯೊ ನೆಗ್ರೊ
10 ಜನವರಿ 1974

'ಸಂಜೆಯ ಉತ್ತರ' ಕಾರ್ಯಕ್ರಮದವರಿಗೆ,

ಯಾರು ಏನು ಕೇಳಿದರೂ ನೀವು ರೇಡಿಯೋದಲ್ಲಿ ಉತ್ತರ ಹೇಳುತ್ತೀರಿ, ಅಲ್ಲಿ ಸಮಯ ಸಾಲದಿದ್ದರೆ ಅಂಚೆಯಲ್ಲಿ ಬರೆಯುತ್ತೀರಿ. ನಮ್ಮೂರಿನಿಂದ ಇದುವರೆಗೆ ಯಾರೂ ನಿಮಗೆ ಬರೆದಿಲ್ಲವಂತೆ. ಇಲ್ಲಿಯವರಿಗೆ ಎಲ್ಲವೂ ಗೊತ್ತು, ಹಾಗಾಗಿ ಪ್ರಶ್ನೆಗಳಿಲ್ಲ. ನನಗಿವೆ.

ಪ್ರಶ್ನೆ ಇಷ್ಟೇ: ಪ್ರಪಂಚದಲ್ಲಿ ಎಲ್ಲಕ್ಕಿಂತ ದುಬಾರಿಯಾದ ತಿನಿಸು ಯಾವುದು? ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಈ ಮಾತು ಬಂತು. ಒಬ್ಬಳು ಡಬ್ಬಿಯಲ್ಲಿ ಬರುವ ಪೀಚ್ ಹಣ್ಣು ಅಂದಳು, ಇನ್ನೊಬ್ಬಳು ಹಸುವಿನ ನಾಲಿಗೆ ಅಂದಳು. ಅದಕ್ಕಿಂತ ದುಬಾರಿಯದು ಬೇರೆ ಏನೋ ಇರಬೇಕು ಎಂದು ನಾನು ಬಾಯಿ ಹಾಕಿದೆ. "ನಿಂಗೇನ್ ಗೊತ್ತು, ಬೆಟ್ಟದವಳೇ? ಕೋಸು ತಿಂದ್ಕೊಂಡು ಬೆಳೆದೋಳು ನೀನು" ಅಂದಳು ನನ್ನ ಅತ್ತೆ ದೋನ್ಯಾ ತೊಮಾಸಾ. ಎಲ್ಲರೂ ನಕ್ಕರು.

ನಾನು ಸಾರ್ಸೆರೊದವಳು. ಮದುವೆಯಾಗಿ ಈ ನೀರಿನ ಊರಿಗೆ ಬಂದು ಎರಡನೇ ವರ್ಷ. ಗಂಡ ನಿಕಾನೋರ್ ದನ ಸಾಗಿಸುವ ದೋಣಿಯಲ್ಲಿ ಕೆಲಸಕ್ಕಿದ್ದಾನೆ, ತಿಂಗಳ ಬಹುಪಾಲು ನದಿಯ ಮೇಲೆಯೇ. ಅತ್ತೆಯ ಮನೆ ಪಕ್ಕದ್ದೇ. ಅವಳು ಇಂದಿನವರೆಗೆ ನನ್ನನ್ನು ಹೆಸರು ಹಿಡಿದು ಕರೆದಿಲ್ಲ. "ಪವಿತ್ರ ವಾರ ಕಳೆಯೋದ್ರೊಳಗೆ ಬಸ್ ಹತ್ತಿ ಬೆಟ್ಟಕ್ಕೆ ಓಡ್ತಾಳೆ, ನೋಡ್ತಿರಿ" ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ನಿಕಾನೋರ್‌ಗೂ ನಮ್ಮಿಬ್ಬರ ನಡುವೆ ಸಿಕ್ಕಿ ಸಾಕಾಗಿದೆ. "ಅಮ್ಮನ ಜೊತೆ ಹೊಂದ್ಕೊಳ್ಳೋಕಾಗಲ್ಲ ಅಂದ್ರೆ ಹೇಳಿಬಿಡು, ಹಬ್ಬ ಮುಗಿದ್ಮೇಲೆ ನಿನ್ನ ತಾಯಿ ಮನೇಲಿ ಬಿಟ್ಟು ಬರ್ತೀನಿ" ಅಂದಿದ್ದಾನೆ.

ನನಗೆ ಹೋಗುವ ಮನಸ್ಸಿಲ್ಲ. ಅವನೂ ಇಷ್ಟ, ಈ ನೀರೂ ಇಷ್ಟ. ಇದನ್ನೆಲ್ಲ ನಿಮಗೆ ಏಕೆ ಬರೆದೆನೋ ತಿಳಿಯದು. ತಿನಿಸಿನ ಉತ್ತರ ಕಳಿಸಿ.

ಸೊರಾಯ್ದಾ ಉಗಾಲ್ದೆ


ಸಾನ್ ಹೋಸೆ
29 ಜನವರಿ 1974

ಶ್ರೀಮತಿ ಸೊರಾಯ್ದಾ ಅವರಿಗೆ,

ತೂಕದ ಲೆಕ್ಕದಲ್ಲಿ ಅತಿ ದುಬಾರಿ ತಿನಿಸುಗಳಲ್ಲಿ ಕೇಸರಿಯದು ಮೊದಲ ಸಾಲು. ಅದೊಂದು ಹೂವಿನ ಒಳಗಿನ ಎಳೆ, ಒಂದು ಹೂವಿಗೆ ಮೂರೇ ಮೂರು. ಕೈಯಿಂದಲೇ ಬಿಡಿಸಬೇಕು. ಒಂದು ಬೊಗಸೆ ಕೇಸರಿಗೆ ಒಂದು ಗದ್ದೆಯ ಹೂವು ಬೇಕು. ಡಬ್ಬಿಯ ಪೀಚ್ ಹಣ್ಣು ಈ ಪಂಕ್ತಿಯಲ್ಲಿ ಎಲ್ಲೂ ಕೂರುವುದಿಲ್ಲ ಎಂದು ನಿಮ್ಮ ಗೆಳತಿಯರಿಗೆ ತಿಳಿಸಿ.

ನಿಮ್ಮ ಮನೆಯ ವಿಷಯಕ್ಕೆ ಉತ್ತರಿಸಲು ನಮ್ಮ ಕಚೇರಿಗೆ ಅಧಿಕಾರವಿಲ್ಲ.

ಸಂತೆಯಲ್ಲಿ ತರಕಾರಿಯವಳು ತೂಗಿದ ಮೇಲೆ ಒಂದು ಹಿಡಿ ಕೊಸರು ಹಾಕುವುದಿಲ್ಲವೇ, ಹಾಗೆ ನಾನೂ ಉತ್ತರದ ಜೊತೆ ಕೇಳದ ಸಂಗತಿ ಒಂದೆರಡು ಸೇರಿಸುತ್ತೇನೆ. ನಿರ್ದೇಶಕರಿಗೆ ಈ ಅಭ್ಯಾಸ ಹಿಡಿಸುವುದಿಲ್ಲ. ನನಗೆ ಹಾಳೆಯಲ್ಲಿ ಖಾಲಿ ಜಾಗ ಹಿಡಿಸುವುದಿಲ್ಲ. ಆಕ್ಟೋಪಸ್‌ಗೆ ಮೂರು ಹೃದಯ. ಚರಿತ್ರೆಯ ಅತಿ ಚಿಕ್ಕ ಯುದ್ಧ ಝಾಂಜಿಬಾರ್‌ನಲ್ಲಿ ನಡೆಯಿತು, ಗಂಟೆ ತುಂಬುವ ಮೊದಲೇ ಮುಗಿಯಿತು. ಇನ್ನು ತಿನಿಸಿನ ಮಾತೇ ಬಂದದ್ದರಿಂದ ಇನ್ನೊಂದು: ಸ್ಟರ್ಜನ್ ಎಂಬ ಮೀನಿನ ಮೊಟ್ಟೆಗೆ ಕ್ಯಾವಿಯರ್ ಎನ್ನುತ್ತಾರೆ. ಹಿಂದೆ ರಾಜರು ತಿನ್ನುತ್ತಿದ್ದರು, ಈಗ ಶ್ರೀಮಂತರು. ಆ ಮೀನಿನ ವಂಶ ಡೈನೋಸಾರ್‌ಗಳ ಕಾಲದ್ದು. ಉದ್ದ ಮೂತಿ, ಮೈಮೇಲೆ ಮೂಳೆಯ ಫಲಕಗಳ ಸಾಲು.

ಎಲಾದಿಯೊ ಮೊಂಗೆ
ಉತ್ತರ ವಿಭಾಗ


ಕಾನ್ಯೊ ನೆಗ್ರೊ
21 ಫೆಬ್ರವರಿ 1974

ದೋನ್ ಎಲಾದಿಯೊ ಅವರಿಗೆ,

ನಿಮ್ಮ ಕಾಗದವನ್ನು ಒಗೆಯುವ ಕಲ್ಲಿನ ಹತ್ತಿರ ಗಟ್ಟಿಯಾಗಿ ಓದಿದೆ. ಕೇಸರಿಯನ್ನು ಅರ್ಧ ಜನ ನಂಬಿದರು. ಮೂರು ಹೃದಯದ ಸುದ್ದಿ ಕೇಳಿ ಮೀನುಗಾರ ಸೆಲ್ಸೊನ ಹೆಂಡತಿ, "ನನ್ನ ಗಂಡಂಗೆ ಒಂದಾದ್ರೂ ಇದ್ದಿದ್ರೆ ಸಾಕಿತ್ತು" ಅಂದಳು. ಆ ಕಲ್ಲಿನ ಹತ್ತಿರ ನಾನು ಉಳಿದವರ ಜೊತೆ ಸೇರಿ ನಕ್ಕದ್ದು ಅದೇ ಮೊದಲು. ಈಗ ನನಗೆ 'ರೇಡಿಯೋದವಳು' ಎಂದು ಹೆಸರು ಬಿದ್ದಿದೆ. ಬೆಟ್ಟದವಳು ಎನ್ನುವುದಕ್ಕಿಂತ ವಾಸಿ.

ಮೀನಿನ ಮೊಟ್ಟೆಯ ಸಾಲನ್ನು ಮಾತ್ರ ಯಾರಿಗೂ ಓದಿ ಹೇಳಲಿಲ್ಲ. ನನ್ನ ಪ್ರಶ್ನೆ ಅದರ ಮೇಲೆಯೇ. ಇನ್ನೊಂದು ಮೀನು ಇದೆ ಎಂದುಕೊಳ್ಳಿ. ಅದೂ ಡೈನೋಸಾರ್ ಕಾಲದ್ದೇ, ಹಾಗೆಂದು ನೀವೇ ಒಮ್ಮೆ ರೇಡಿಯೋದಲ್ಲಿ ಹೇಳಿದ್ದೀರಿ. ಉದ್ದ ಮೂತಿ, ಕೊಡಲಿಯಿಂದ ಕಡಿಯಬೇಕಾದಂಥ ಮೈಕವಚ. ಅದು ನಿಮ್ಮ ಸ್ಟರ್ಜನ್‌ಗೆ ನೆಂಟನಾಗುತ್ತದೆಯೇ? ಮತ್ತೆ, ಕ್ಯಾವಿಯರ್ ಮಾಡುವುದು ಹೇಗೆ? ಯಾವ ಮೀನು ಎಂದು ಈಗ ಬರೆಯುವುದಿಲ್ಲ. ಟಪಾಲು ಒಯ್ಯುವ ದೋಣಿಯವನು ಲಕೋಟೆಗಳನ್ನು ಬಿಸಿಲಿಗೆ ಹಿಡಿದು ನೋಡುತ್ತಾನೆ, ಅವನು ಅತ್ತೆಯ ತಮ್ಮನ ಮಗ.

ಇಲ್ಲಿ ಪವಿತ್ರ ವಾರದ ಗುರುವಾರ ಮಧ್ಯಾಹ್ನ ನೆಂಟರೆಲ್ಲ ಒಂದೇ ಮನೆಯಲ್ಲಿ ಊಟಕ್ಕೆ ಕೂರುತ್ತಾರೆ. ಇಷ್ಟು ವರ್ಷ ಅಡುಗೆ ಅತ್ತೆಯದೇ. ಈ ಸಲ ಎಲ್ಲರ ಮುಂದೆ ಹೇಳಿಬಿಟ್ಟಳು: "ಇಡೀ ಮೀನು ಕೊಡ್ತೀನಿ, ಬೆಟ್ಟದವಳೇ ಮಾಡ್ಲಿ. ಕೈ ಸುಟ್ಕೊಂಡ್ರೆ ಬಸ್ಸಿನ ಟಿಕೆಟ್ ನಂದು." ನಾನು ಒಪ್ಪಿಕೊಂಡಿದ್ದೇನೆ.

ಸೊರಾಯ್ದಾ


ಸಾನ್ ಹೋಸೆ
6 ಮಾರ್ಚ್ 1974

ಶ್ರೀಮತಿ ಸೊರಾಯ್ದಾ ಅವರಿಗೆ,

ನೀವು ವರ್ಣಿಸಿದ ಮೀನು ಸ್ಟರ್ಜನ್‌ನ ದೂರದ ನೆಂಟನೇ ಇರಬೇಕು. ಆ ಕಾಲದಿಂದ ಉಳಿದು ಬಂದ ಮೀನಿನ ಮನೆತನಗಳು ಬೆರಳೆಣಿಕೆಯಷ್ಟು. ಶಾಲೆಯ ಮಕ್ಕಳಿಗೆ ಹೇಳಲು ಕೇಳುತ್ತಿದ್ದೀರಿ ಎಂದುಕೊಂಡಿದ್ದೇನೆ; ಇಂಥ ಪ್ರಶ್ನೆಗಳು ಹೆಚ್ಚಾಗಿ ಶಿಕ್ಷಕಿಯರಿಂದ ಬರುತ್ತವೆ. ಮಕ್ಕಳಿಗೆ ಹೀಗೆ ಹೇಳಬಹುದು: ಮೊಟ್ಟೆಯ ಗೊಂಚಲನ್ನು ಜರಡಿಯ ಮೇಲೆ ಮೃದುವಾಗಿ ಉಜ್ಜಿ ಪೊರೆ ಬೇರೆ ಮಾಡುತ್ತಾರೆ, ತಣ್ಣೀರಿನಲ್ಲಿ ತೊಳೆದು ಉಪ್ಪು ಬೆರೆಸುತ್ತಾರೆ. ಬೇಯಿಸುವುದಿಲ್ಲ.

ಇನ್ನು ಕೊಸರು. ಹಮ್ಮಿಂಗ್‌ಬರ್ಡ್ ಎಂಬ ಪುಟ್ಟ ಹಕ್ಕಿಯ ಹೃದಯ ಹಾರುವಾಗ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸಲ ಬಡಿಯುತ್ತದೆ. ಸಿನಿಮಾಕ್ಕೆ ಇನ್ನೂ ಮಾತು ಬಾರದಿದ್ದಾಗ ಪರದೆಯ ಕೆಳಗೆ ಒಬ್ಬರು ಕೂತು ಪಿಯಾನೋ ನುಡಿಸುತ್ತಿದ್ದರು. ನನ್ನ ತಾಯಿ ಹನ್ನೊಂದು ವರ್ಷ ಆ ಕೆಲಸ ಮಾಡಿದಳು. ಮಾತಿನ ಚಿತ್ರ ಬಂದ ವಾರವೇ ಮನೆಗೆ ಕಳಿಸಿದರು. ಈ ಕೊನೆಯದು ಸಾಮಾನ್ಯ ಜ್ಞಾನವಲ್ಲ, ಜಾಗ ಉಳಿದಿತ್ತು ಎಂದು ಬರೆದೆ.

ಎಲಾದಿಯೊ ಮೊಂಗೆ


ಕಾನ್ಯೊ ನೆಗ್ರೊ
28 ಮಾರ್ಚ್ 1974

ದೋನ್ ಎಲಾದಿಯೊ ಅವರಿಗೆ,

ನಾನು ಶಿಕ್ಷಕಿಯಲ್ಲ. ಆದರೂ ನೀವು ಹಾಗೆಂದುಕೊಂಡದ್ದು ಖುಷಿಯಾಯಿತು. ನಿಮ್ಮ ತಾಯಿಯ ಸಂಗತಿ ಓದಿ ಬೇಜಾರಾಯಿತು, ಅದನ್ನು ಕಲ್ಲಿನ ಹತ್ತಿರ ಓದಲಿಲ್ಲ.

ಈಗ ಹೇಳುತ್ತೇನೆ. ಈ ಲಕೋಟೆಗೆ ಒಳಗಿನಿಂದ ದಪ್ಪ ಕಾಗದ ಅಂಟಿಸಿದ್ದೇನೆ. ಮೀನು ಯಾವುದೆಂದರೆ ನಮ್ಮ ಗಸ್ಪಾರ್! ಪವಿತ್ರ ವಾರದಲ್ಲಿ ಇಲ್ಲಿ ಮನೆಮನೆಯಲ್ಲಿ ಬೇಯುವುದು ಅದೇ. ಮಾಂಸ ಬಿಡಿಸಿ ಅನ್ನದ ಜೊತೆ ಮಾಡುತ್ತಾರೆ. ಮೊಟ್ಟೆಯನ್ನು ಏನು ಮಾಡುತ್ತಾರೆ ಗೊತ್ತೇ? ಹಿತ್ತಿಲಲ್ಲಿ ಆಳವಾದ ಗುಂಡಿ ತೋಡಿ ಹೂತುಬಿಡುತ್ತಾರೆ. ಹೋದ ವರ್ಷ ಬೇಲಿಯಾಚೆಯಿಂದ ನೋಡಿದೆ, ಹಸಿರು ಹಸಿರಾದ ಇಷ್ಟು ದಪ್ಪ ಗೊಂಚಲು! ನಾಯಿಗೂ ಹಾಕಲಿಲ್ಲ, ಕೋಳಿಗೂ ಹಾಕಲಿಲ್ಲ. ಎಲ್ಲ ಗೊತ್ತು ಎನ್ನುವವರು ರಾಜರ ಊಟವನ್ನು ಮಣ್ಣುಪಾಲು ಮಾಡುತ್ತಿದ್ದಾರೆ. ಏಕೆ ಹೂಳುತ್ತೀರಿ ಎಂದು ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಕೇಳಿದರೆ ಗುಟ್ಟು ಹೋಗುತ್ತದೆ.

ಪವಿತ್ರ ವಾರದ ಬುಧವಾರ ಮೀನು ನನ್ನ ಕೈಗೆ ಬರುತ್ತದೆ. ಮೊಟ್ಟೆಗೆ ನೀವು ಹೇಳಿದಂತೆ ಉಪ್ಪು ಹಾಕಿ ಇಡುತ್ತೇನೆ. ಗುರುವಾರ ಮಧ್ಯಾಹ್ನ ಬೇಯಿಸಿದ ಮರಗೆಣಸಿನ ತುಂಡಿನ ಮೇಲೆ ಹರಡಿ, ನಿಂಬೆ ಹಿಂಡಿ, ಎಲ್ಲಕ್ಕಿಂತ ಮೊದಲು ಅತ್ತೆಯ ತಟ್ಟೆಗೆ ಬಡಿಸುತ್ತೇನೆ. ಅವಳು ತಿಂದ ಮೇಲೆ ನಿಮ್ಮ ಕಾಗದ ಓದುತ್ತೇನೆ. ಆಮೇಲೆ ಯಾರು ಯಾರಿಗೆ ಬಸ್ಸಿನ ಟಿಕೆಟ್ ಕೊಡುತ್ತಾರೋ ನೋಡೋಣ.

ನಿಮ್ಮ ಕೊಸರಿಗೆ ನಾನು ಋಣಿ.

ಸೊರಾಯ್ದಾ


ಸಾನ್ ಹೋಸೆ
9 ಏಪ್ರಿಲ್ 1974, ಮಂಗಳವಾರ

ಸೊರಾಯ್ದಾ ಅವರೇ,

ಆ ಮೊಟ್ಟೆ ತಿನ್ನಬೇಡಿ. ಯಾರಿಗೂ ಬಡಿಸಬೇಡಿ. ಗಸ್ಪಾರ್ ಮೀನಿನ ಮಾಂಸ ತಿನ್ನಬಹುದು, ಮೊಟ್ಟೆ ವಿಷ. ಬೇಯಿಸಿದರೂ ಉಪ್ಪು ಹಾಕಿದರೂ ನೆಚ್ಚುವಂತಿಲ್ಲ. ಆಗಲೇ ತಿಂದಿದ್ದರೆ ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಹೋಗಿ.

ನಿಮ್ಮ ಪತ್ರ ಈಗ, ಮಧ್ಯಾಹ್ನ ಊಟದ ಹೊತ್ತಿಗೆ ಬಂತು. ಓದಿದವನೇ ಎದ್ದು ಪುಸ್ತಕ ತೆಗೆದು ನೋಡಿದೆ. ನಮ್ಮ ಕಪಾಟಿನಲ್ಲೇ ಇರುವ ಮೀನಿನ ಪುಸ್ತಕದಲ್ಲಿ ಗಸ್ಪಾರ್ ಬಗ್ಗೆ ಎರಡು ಪುಟ ಇದೆ, ಮೊಟ್ಟೆಯ ವಿಷಯ ಎರಡನೆಯ ಸಾಲಿನಲ್ಲೇ ಇದೆ. ಯಾವ ಮೀನು ಎಂದು ನಾನು ನಿಮ್ಮನ್ನು ಕೇಳಬೇಕಾಗಿತ್ತು. ಕೇಳಲಿಲ್ಲ, ಬಲ್ಲವನಂತೆ ಬರೆದುಬಿಟ್ಟೆ.

ಈ ಕಾಗದವನ್ನು ಲೋಸ್ ಚಿಲೆಸ್‌ಗೆ ಹೋಗುವ ಬಸ್ಸಿನ ಚಾಲಕನ ಕೈಗೆ ಕೊಡುತ್ತಿದ್ದೇನೆ. ಅಲ್ಲಿಂದ ನಿಮ್ಮೂರಿಗೆ ದೋಣಿ ಯಾವಾಗ ಎಂದು ಅವನಿಗೆ ಗೊತ್ತಿಲ್ಲ. ನಿಮ್ಮೂರಿಗೆ ಟೆಲಿಗ್ರಾಂ ಇಲ್ಲ, ಫೋನ್ ಇಲ್ಲ. ಇರುವುದು ರೇಡಿಯೋ ಒಂದೇ. ಆದರೆ ಇಂದಿನ, ನಾಳಿನ ಕಾರ್ಯಕ್ರಮಗಳ ಧ್ವನಿಮುದ್ರಣ ಹೋದ ವಾರವೇ ಮುಗಿದಿದೆ, ನಾಳೆ ರಾತ್ರಿಯಿಂದ ಭಾನುವಾರದವರೆಗೆ ಭಕ್ತಿಗೀತೆ ಬಿಟ್ಟು ಬೇರೇನೂ ಹಾಕುವುದಿಲ್ಲ. ನಿರ್ದೇಶಕರನ್ನು ಕೇಳಿದೆ. "ಯೇಸುವಿನ ವಾರದಲ್ಲಿ ಮೀನಿನ ಮೊಟ್ಟೇನಾ, ಎಲಾದಿಯೊ?" ಅಂದರು. ಮತ್ತೆ ಕೇಳುತ್ತೇನೆ.

ಎಲಾದಿಯೊ ಮೊಂಗೆ


ಕಾನ್ಯೊ ನೆಗ್ರೊ
18 ಏಪ್ರಿಲ್ 1974

ಮಾನ್ಯರೇ,

9ನೇ ತಾರೀಖಿನ ನಿಮ್ಮ ಕಾಗದ ಇವತ್ತಿನ ದೋಣಿಗೆ ಬಂತು. ಪಾತ್ರೆ ಚೆಲ್ಲಿಯಾಗಿದೆ. ಬದುಕಿದ್ದೇನೆ. ಬೇರೆ ಯಾರೂ ತಿನ್ನಲಿಲ್ಲ.

ನೀವು ರೇಡಿಯೋದಲ್ಲಿ ನನ್ನ ಹೆಸರನ್ನು ಇಡೀ ದೇಶಕ್ಕೆ ಸಾರಿದಿರಿ. ಸಾರ್ಸೆರೊದಲ್ಲಿ ನನ್ನ ತಾಯಿಯೂ ಕೇಳಿರಬೇಕು. ಇಲ್ಲಿ ಕೂಸಿಗೂ ಗೊತ್ತಿರುವ ವಿಷಯ ನನಗೆ ಗೊತ್ತಿರಲಿಲ್ಲ ಎಂದು ಈಗ ಎಲ್ಲರಿಗೂ ಗೊತ್ತು. ಮಕ್ಕಳು ಬೇಲಿಯ ಹತ್ತಿರ ನಿಂತು ನಿಮ್ಮ ದನಿಯನ್ನು ಅಣಕಿಸುತ್ತಾರೆ.

ನಿಕಾನೋರ್ ಭಾನುವಾರ ಬರುತ್ತಾನೆ. ಪೆಟ್ಟಿಗೆ ಕಟ್ಟಿಟ್ಟಿದ್ದೇನೆ. ಇನ್ನು ನನ್ನಲ್ಲಿ ಪ್ರಶ್ನೆಗಳಿಲ್ಲ.

ಸೊ. ಉಗಾಲ್ದೆ


ಸಾನ್ ಹೋಸೆ
7 ಮೇ 1974

ಶ್ರೀಮತಿ ಸೊರಾಯ್ದಾ ಉಗಾಲ್ದೆ ಅವರಿಗೆ,

ಪ್ರಶ್ನೆ ಕೇಳದವರಿಗೆ ಪತ್ರ ಬರೆಯಲು ನಮ್ಮಲ್ಲಿ ಅವಕಾಶವಿಲ್ಲ. ಆದ್ದರಿಂದ ಇದನ್ನು ನಿಮ್ಮ ಹಳೆಯ ಪ್ರಶ್ನೆಯೊಂದರ ಉಳಿದ ಉತ್ತರ ಎಂದು ಕಚೇರಿಯಲ್ಲಿ ಹೇಳಿದ್ದೇನೆ. ನೀವು ಈಗ ಎಲ್ಲಿದ್ದೀರೋ ತಿಳಿಯದ ಕಾರಣ ಒಂದು ಪ್ರತಿ ಕಾನ್ಯೊ ನೆಗ್ರೊಗೆ, ಒಂದು ಪ್ರತಿ ಸಾರ್ಸೆರೊಗೆ ಕಳಿಸುತ್ತಿದ್ದೇನೆ.

ಗುರುವಾರ ಬೆಳಿಗ್ಗೆ ನಾನು ನೇರವಾಗಿ ರೇಡಿಯೋ ಕೇಂದ್ರಕ್ಕೆ ಹೋದೆ. ಎರಡು ಭಕ್ತಿಗೀತೆಗಳ ನಡುವೆ ಓದಿದ್ದು ಇಷ್ಟು: "ಸಾರ್ಸೆರೊದ ಸೊರಾಯ್ದಾ ಉಗಾಲ್ದೆ ಅವರು ಕಾನ್ಯೊ ನೆಗ್ರೊದಲ್ಲಿ ಇದ್ದಾರೆ. ಅವರ ಹತ್ತಿರ ಇರುವವರು ಕೂಡಲೇ ಹೋಗಿ ಗಸ್ಪಾರ್ ಮೊಟ್ಟೆ ತಿನ್ನದಂತೆ ತಡೆಯಿರಿ." ಮೂರು ಸಲ ಓದಿದೆ. ಮೊದಲು ನಿಮ್ಮ ಹೆಸರಿಲ್ಲದೆ ಬರೆದುಕೊಂಡಿದ್ದೆ. ಹಾಗೆ ಓದಿದ್ದರೆ ನಿಮ್ಮೂರಿನವರು ಇದೇನು ಹೊಸ ಸುದ್ದಿ ಎಂದು ತಲೆಯಾಡಿಸಿ ಸುಮ್ಮನೆ ಕೂರುತ್ತಿದ್ದರು, ಒಬ್ಬರೂ ಏಳುತ್ತಿರಲಿಲ್ಲ ಎನಿಸಿತು. ಅದಕ್ಕೆ ಹೆಸರು ಸೇರಿಸಿದೆ. ಮತ್ತೆ ಅಂಥದೇ ಗಳಿಗೆ ಬಂದರೆ ಮತ್ತೆ ಸೇರಿಸುತ್ತೇನೆ.

ಕಚೇರಿಯಲ್ಲಿ ಎಲ್ಲ ಎಂದಿನಂತೆ ನಡೆದಿದೆ. ನಾನು ಸಂಜೆ ಬೇಗ ಮನೆಗೆ ಹೋಗುತ್ತಿದ್ದೇನೆ, ಕಣ್ಣಿಗೆ ಒಳ್ಳೆಯದು.

ಪ್ರಶ್ನೆ ಈಗ ನನ್ನದು. ಅಲ್ಲಿದ್ದೀರೋ, ಹೋದಿರೋ?

ಎಲಾದಿಯೊ ಮೊಂಗೆ


ಕಾನ್ಯೊ ನೆಗ್ರೊ
23 ಮೇ 1974

ದೋನ್ ಎಲಾದಿಯೊ ಅವರಿಗೆ,

ಇಲ್ಲೇ ಇದ್ದೇನೆ. ನಿಮ್ಮ ಕಾಗದ ಎರಡು ಗೆರೆ ಬಿಟ್ಟರೆ ಎಲ್ಲ ಒಣಒಣ. ನನ್ನ ಮೇಲೆ ಕೋಪವಿರಬೇಕು. ಇರಲಿ, ನನಗೂ ನಿಮ್ಮ ಮೇಲೆ ಇತ್ತು. ನಡೆದದ್ದನ್ನು ಹೇಳುತ್ತೇನೆ.

ಆ ಗುರುವಾರ ನಾನು ರೇಡಿಯೋ ಹಾಕಿರಲಿಲ್ಲ. ಅನ್ನ ಆಗಿತ್ತು, ಮೀನು ಆಗಿತ್ತು. ಮೊಟ್ಟೆಗೆ ಉಪ್ಪು ಸರಿಯಾಗಿದೆಯೇ ಎಂದು ಒಂದು ಚಮಚ ಬಾಯಿಗೆ ಹಾಕಿಕೊಂಡೆ. ರಾಜರು ಇದನ್ನು ಹೇಗೆ ತಿಂದರೋ ಎನಿಸಿತು. ಅಷ್ಟರಲ್ಲಿ ದಾರಿಯಿಂದ ಕೂಗು ಕೇಳಿಸಿತು. ಯಾರೋ "ಸೊರಾಯ್ದಾ! ಸೊರಾಯ್ದಾ!" ಎಂದು ಅರಚುತ್ತಿದ್ದರು. ಈ ಊರಲ್ಲಿ ನನ್ನನ್ನು ಹಾಗೆ ಕರೆಯುವವರು ಯಾರು ಎಂದು ಬಾಗಿಲಿಗೆ ಬಂದೆ. ಅತ್ತೆ! ಮೊಣಕಾಲು ನೋವಿನವಳು, ಪ್ರಾರ್ಥನೆಗೆ ಬಿಟ್ಟರೆ ಎಲ್ಲಿಗೂ ಬೇಗ ನಡೆಯದವಳು, ಅಂಗಡಿಯಲ್ಲಿ ರೇಡಿಯೋ ಕೇಳಿದವಳೇ ಲಂಗ ಎತ್ತಿ ಕಟ್ಟಿಕೊಂಡು ಕೆಸರಿನಲ್ಲಿ ಓಡಿ ಬರುತ್ತಿದ್ದಳು. ಹಿಂದೆ ಸೆಲ್ಸೊನ ಹೆಂಡತಿ, ಅಂಗಡಿಯವನು, ಅರ್ಧ ಊರು.

"ತಿಂದ್ಯಾ? ತಿಂದ್ಯೇನೇ?" ಅಂದಳು.

"ಒಂದು ಚಮಚ, ರುಚಿ ನೋಡೋಕೆ" ಅಂದೆ.

"ಕಕ್ಕು! ಮೊದ್ಲು ಕಕ್ಕು!" ಎಂದು ನನ್ನ ಕುತ್ತಿಗೆ ಬಗ್ಗಿಸಿ, ಬಾಯೊಳಗೆ ತನ್ನ ಬೆರಳು ಹಾಕಿಬಿಟ್ಟಳು. ಆರೋಗ್ಯ ಕೇಂದ್ರ ಇರುವುದು ನದಿಯಾಚೆ, ಅಲ್ಲಿಗೆ ದೋಣಿಯಲ್ಲಿ ಒಯ್ದರು. ದಾರಿಯುದ್ದಕ್ಕೂ ನನ್ನ ತಲೆ ಅವಳ ತೊಡೆಯ ಮೇಲೆ. ಎರಡು ದಿನ ಹೊಟ್ಟೆಯಲ್ಲಿ ಏನೂ ನಿಲ್ಲಲಿಲ್ಲ. ಅವಳು ಮನೆಗೆ ಹೋಗಲಿಲ್ಲ, ಪವಿತ್ರ ಶುಕ್ರವಾರದ ಮೆರವಣಿಗೆಗೂ ಹೋಗಲಿಲ್ಲ. ಮೆರವಣಿಗೆ ತಪ್ಪಿಸಿದ್ದು ಅವಳ ಜೀವಮಾನದಲ್ಲಿ ಅದೇ ಮೊದಲಂತೆ.

ಇದನ್ನು ಹೋದ ಸಲ ಬರೆಯಲಿಲ್ಲ. ಬರೆಯಲು ಮುಖವಿರಲಿಲ್ಲ. ನನಗೆ ಕಾಣುತ್ತಿದ್ದದ್ದು ನಗುವವರು ಮಾತ್ರ. ಆ ತಟ್ಟೆಯನ್ನು ಮೊದಲು ಅವಳಿಗೇ ಬಡಿಸುವವಳಿದ್ದೆ.

ನಿಕಾನೋರ್ ಬಂದ ದಿನ ಪೆಟ್ಟಿಗೆಯನ್ನು ಬಾಗಿಲಿಗೆ ತಂದಿಟ್ಟೆ. ಅತ್ತೆ ಬಂದು ಅದರ ಮೇಲೆ ಕೂತಳು.

"ಎಲ್ಲಿಗೆ ಸವಾರಿ?" ಅಂದಳು.

"ಸಾರ್ಸೆರೊಗೆ. ನೀವೇ ಹೇಳಿದ್ರಲ್ಲ."

"ಹೇಳ್ದೆ, ಈಗೇನು? ಈ ಮಂಡಿ ಇಟ್ಕೊಂಡು ಅಷ್ಟು ದೂರ ಓಡಿದ್ದು ನಿನ್ನ ಬಸ್ ಹತ್ಸೋಕಾ?"

ನನಗೆ ಸಿಟ್ಟು ಬಂತು. "ವಿಷ ಅಂತ ಒಂದು ಮಾತು ಹೇಳಿದ್ರೆ ಓಡೋ ಕೆಲ್ಸಾನೇ ಇರ್ಲಿಲ್ಲ" ಅಂದೆ.

"ಎಲ್ರಿಗೂ ಗೊತ್ತಿರೋದನ್ನ ಯಾರೇ ಹೇಳ್ತಾರೆ? ನೀರಲ್ಲಿ ಮುಳುಗಿದ್ರೆ ಸಾಯ್ತೀಯ ಅಂತಾನೂ ಹೇಳ್ಬೇಕಾ?" ಎಂದಳು. ಆಮೇಲೆ ನೆಲ ನೋಡಿಕೊಂಡು, "ನಿಂಗೆ ಗೊತ್ತಿಲ್ಲ ಅನ್ನೋದು ನಂಗೆ ಗೊತ್ತಿರ್ಬೇಕಿತ್ತು" ಎಂದಳು. ನಾನು ಅತ್ತುಬಿಟ್ಟೆ. ನಿಕಾನೋರ್ ಏನು ಮಾಡಬೇಕೋ ತಿಳಿಯದೆ ಹೋಗಿ ದನಗಳಿಗೆ ನೀರು ಕುಡಿಸಿದ, ಅವು ಆಗಲೇ ಕುಡಿದಿದ್ದವು.

ಅಂದಿನಿಂದ ಅತ್ತೆಯ ಬಾಯಿಗೆ ಬಿಡುವಿಲ್ಲ. ಈ ಸೊಪ್ಪು ಮುಟ್ಟಬೇಡ, ಆ ಕಪ್ಪೆ ಹಿಡಿಯಬೇಡ, ಮೊಸಳೆ ಮರಿ ಕೂಗಿದರೆ ದಡದಲ್ಲಿ ನಿಲ್ಲಬೇಡ. ಬೆಂಕಿ ಸುಡುತ್ತದೆ ಎಂದೂ ಒಮ್ಮೆ ಹೇಳಿದಳು, ಅದು ಬೇಕೆಂದೇ. ಒಗೆಯುವ ಕಲ್ಲಿನ ಹತ್ತಿರ ಈಗಲೂ ನನ್ನನ್ನು ರೇಗಿಸುತ್ತಾರೆ. ಆದರೆ ಬೇರೆಯವರು ಎರಡು ಮಾತಿಗಿಂತ ಹೆಚ್ಚು ರೇಗಿಸಿದರೆ ಅತ್ತೆಗೆ ಆಗುವುದಿಲ್ಲ.

ಇಲ್ಲಿಗೆ ನನ್ನದು ಮುಗಿಯಿತು. ಅತ್ತೆ ಪಕ್ಕದಲ್ಲೇ ಕೂತಿದ್ದಾಳೆ, ತಾನು ಹೇಳುವುದನ್ನು ಹೇಳಿದ ಹಾಗೇ ಬರೆಯಬೇಕಂತೆ. ಬರೆಯುತ್ತೇನೆ:

"ರೇಡಿಯೋದಪ್ಪಾ, ನೀನು ಕೂಗಿ ಹೇಳಿದ್ದು ಒಳ್ಳೇದಾಯ್ತು, ದೇವ್ರು ನಿಂಗೆ ಒಳ್ಳೇದು ಮಾಡ್ಲಿ. ಆ ಉಪ್ಪು ಹಚ್ಚೋ ವಿದ್ಯೆ ಕಲ್ಸಿದ್ದಕ್ಕೆ ಮಾತ್ರ ಕಿವಿ ಹಿಂಡ್ಬೇಕು ಅಂತಿದೆ, ಎದುರಿಗೆ ಸಿಕ್ಕಾಗ ನೋಡ್ಕೋತೀನಿ. ಈಗ ಬರೆಸ್ತಿರೋದು ಬೇರೆ ವಿಷ್ಯ. ಅವತ್ತು ನೀನು ಓದಿದ್ರಲ್ಲಿ ಒಂದು ತಪ್ಪಿದೆ. ಮೂರ್ ಸಲ ಓದ್ದೆ, ಮೂರ್ ಸಲಾನೂ ತಪ್ಪೇ. ಊರು ತಪ್ಪು. ತಪ್ಪಾದ್ರೆ ತಿದ್ದಿ ಹೇಳ್ತೀವಿ ಅಂತ ದಿನಾ ಹೇಳ್ಕೋತೀರಲ್ಲ, ಹೇಳು ಮತ್ತೆ. ನಾನು ಅಂಗಡೀಲಿ ಕೂತು ಕೇಳ್ತಿರ್ತೀನಿ, ಎಲ್ರನ್ನೂ ಕೂರಿಸ್ಕೊಂಡು."

ಅದರಲ್ಲಿ ತಪ್ಪೇನಿದೆ, ಸರಿಯಾಗಿಯೇ ಓದಿದ್ದಾರೆ ಎಂದೆ. ನೀನು ಸುಮ್ಮನೆ ಬರೆ ಎಂದಳು.

ಸೊರಾಯ್ದಾ


ಸಾನ್ ಹೋಸೆ
12 ಜೂನ್ 1974

ಶ್ರೀಮತಿ ಸೊರಾಯ್ದಾ ಅವರಿಗೆ,

ನನಗೆ ನಿಮ್ಮ ಮೇಲೆ ಕೋಪವಿರಲಿಲ್ಲ. ಅನುಮತಿಯಿಲ್ಲದೆ ಪವಿತ್ರ ಗುರುವಾರ ಮೈಕಿನ ಮುಂದೆ ಕೂತದ್ದಕ್ಕೆ ನನ್ನನ್ನು ಓದುವ ಕೆಲಸದಿಂದ ತೆಗೆದಿದ್ದಾರೆ. ಪತ್ರಗಳಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಬರೆಯಬೇಕೆಂದು ಆಜ್ಞೆಯಾಗಿದೆ. ನೀವು ಒಣಒಣ ಎಂದದ್ದು ಅದು. ಈ ವಿಷಯವನ್ನು ನಿಮಗೆ ತಿಳಿಸುವ ಉದ್ದೇಶ ನನಗಿರಲಿಲ್ಲ, ಆದರೆ ತಪ್ಪು ತಿಳಿವಳಿಕೆಯನ್ನು ಹಾಗೇ ಬಿಡುವುದು ನನ್ನ ಕೈಲಾಗದು.

ನಿಮ್ಮ ಅತ್ತೆಯವರ ದೂರನ್ನು ನಿರ್ದೇಶಕರ ಮುಂದಿಟ್ಟೆ. ಯಾವುದೇ ತಿದ್ದುಪಡಿಗೆ ಆಧಾರ ಬೇಕು, ಹುಟ್ಟಿದ ಊರು ಸಾರ್ಸೆರೊ ಎಂದು ಅವಳೇ ಬರೆದಿದ್ದಾಳಲ್ಲ ಎಂದರು. ನಿಮ್ಮ ಮೇ 23ರ ಪತ್ರವನ್ನು ಅವರಿಗೆ ಓದಲು ಕೊಟ್ಟೆ. ಓದಿ ಕನ್ನಡಕ ತೆಗೆದು ಒರೆಸಿಕೊಂಡರು. ಆಧಾರ ಸಾಕು ಎಂದರು.

ಜೂನ್ 25ರ ಮಂಗಳವಾರದ ಕಾರ್ಯಕ್ರಮದಲ್ಲಿ, ಬೇರೆ ಎಲ್ಲ ಉತ್ತರಗಳಿಗಿಂತ ಮೊದಲು, ನನ್ನ ಜಾಗಕ್ಕೆ ಬಂದ ಸೆನ್ಯೋರಿತಾ ಕೆಸಾದಾ ಅದನ್ನು ಓದುತ್ತಾರೆ. ಒಕ್ಕಣೆ ನನ್ನದು. ಅದನ್ನು ಕೆಳಗೆ ಕೊಟ್ಟಿದ್ದೇನೆ. ದೋನ್ಯಾ ತೊಮಾಸಾ ಅವರಿಗೆ ಓದಿ ಹೇಳಿ.

"ತಿದ್ದುಪಡಿ. ಕಳೆದ ಏಪ್ರಿಲ್ 11ರಂದು ಈ ಕೇಂದ್ರದಿಂದ ಶ್ರೀಮತಿ ಸೊರಾಯ್ದಾ ಉಗಾಲ್ದೆ ಅವರು ಸಾರ್ಸೆರೊದವರು ಎಂದು ಹೇಳಲಾಗಿತ್ತು. ಅದು ತಪ್ಪು. ಅವರು ಕಾನ್ಯೊ ನೆಗ್ರೊದವರು."

ಎಲಾದಿಯೊ ಮೊಂಗೆ
ಉತ್ತರ ವಿಭಾಗ